ಹದಿನಾರು ಕೈ

ಗೋಕುಲ ರೋಡಿನ ಅಂಗಡ್ಯಾಗ ಪಟೇಲ ಸಾವ್ಕಾರ
ಗ್ವಾಡಿಗೆ ಆನಿಸಿಟ್ಟ ಬಿಳೇ ಟೈಲ್ಸು ತೋರಿಸಿದ:
'ಮೋರ್ಬಿ ಮಾಲು ಅಕ್ಕಾರ, ಬಗ್ಗಿದ್ರ ಮಾರಿ ಕಾಣತೈತಿ.'

ಮಾರಿ ನೋಡ್ಕೋಳಾಕ ಯಾರರೆ ನೆಲಾ ಹಾಸತಾರೇನೋ ಯಪ್ಪಾ.
ನನಗ ಅದರಾಗ ಕೂದಲಾ ಕಾಣತಾವು,
ಉದ್ದನ್ನ ಒಂದೊಂದ ಕೂದಲಾ,
ದಿನಾ ಎರಡು ಸಲ ಒರಸಿದ್ರೂ
ಒರಸೇ ಇಲ್ಲ ಅಂತ ಚಾಡಿ ಹೇಳೂ ಬಿಳುಪು.
ಕೇಶವಾಪುರದ ಡಾಕ್ಟರ ಬಾಯಾರ ಮನ್ಯಾಗ
ಒಂಬತ್ತು ವರ್ಷ ಅದರ ಮ್ಯಾಲ ಬಗ್ಗೀನಿ,
ಮಾರಿ ಒಮ್ಮೆನೂ ಕಂಡಿಲ್ಲ.

'ಕೆಳಗ ಹಾಸ್ರಿ' ಅಂದೆ.
ನಾಕು ಜೋಡಿಸಿದ.
ಚಪ್ಪಲ ಬಿಟ್ಟು ಹತ್ತಿ ನಿಂತೆ. ಬಾಟ್ಲಿ ನೀರು ಚಿಮುಕಿಸಿ
ಮೊಣಕಾಲೂರಿ, ಸೆರಗಿನ ತುದೀಲೆ
ಈ ಕಡಿಂದ ಆ ಕಡೆ ಒಂದ್ ಕೈ ಎಳದೆ.
ಅಂಗಡಿ ಹುಡುಗ ನಕ್ಕ.
ಫಕೀರಪ್ಪ ನಾಚಿ ಹೊರಗ ಹೋಗಿ ಬೀಡಿ ಹಚ್ಚಿದ.
'ಜಾರತೈತಿ. ಬ್ಯಾರೇದು ತಗೀರಿ.'

ಅಡಗಿ ಖೋಲಿಗೆ ಸಂದು ಕಡಿಮಿ ಇರಬೇಕು,
ಅರಿಷಿಣ ಸಂದ್ಯಾಗ ಕುಂತ್ರ ಸೊಸಿ ಬಂದ್ರೂ ಏಳೂದಿಲ್ಲ.
ಬಣ್ಣ ಜ್ವಾಳದ ಹಿಟ್ಟಿಂದು.
ಹೊಲಸು ಮುಚ್ಚೂ ನೆಲಾ ಬ್ಯಾಡ,
ಹಿಟ್ಟು ಬಿದ್ರ ಸಿಟ್ಟಾಗದ ನೆಲಾ ಬೇಕು.
ಬಚ್ಚಲಕ್ಕ ಎಮ್ಮಿ ನಾಲಿಗ್ಯಂಗ ಉರುಕು,
ಕಾಲಿಗೆ ಕಚ್ಚಿ ಹಿಡಿಯೂದು.
ಹೊರಗಿನ ಕಟ್ಟಿಗೆ ಟೈಲ್ಸಾ ಬ್ಯಾಡ, ಶಹಾಬಾದಿ ಫರಸಿ ಸಾಕು.
ಅಮರಗೋಳದ ಮಾರ್ಕೆಟ್ಟಿನ್ಯಾಗ ಚೀಲಾ ಹೊತ್ತು
ಪಾದದ ತುಂಬ ಮೆಣಸಿನ್ಕಾಯಿ ಪುಡಿ ತರಾಂವ
ಅಲ್ಲೇ ಕಾಲು ಝಾಡಿಸಲಿ.
ಉಳದೆರಡು ಖೋಲಿಗೆ ಬೂದಿ ಬಣ್ಣ. ಯಾಕಂದ್ರ
ನಮ್ಮ ಓಣ್ಯಾಗ ಎಂಟು ದಿನಕ್ಕೊಮ್ಮೆ ನಳಾ,
ಒಂದ ಬಕೆಟ್ಟಿನ್ಯಾಗ ಮನಿ ಮುಗೀಬೇಕು.

'ಎಷ್ಟು ಚೌರಸ ಫೂಟು?'
'ದೊಡ್ಡದು ಹದಿನಾರು ಕೈ, ಮಲಗೂದು ಹದಿಮೂರು.'
'ಯಾರ ಕೈ?'
'ನಂದ.'
ಡಾಕ್ಟರ ಬಾಯಾರ ಹಾಲು ತೊಂಬತ್ತು.
ವಿದ್ಯಾನಗರದ ಮಾಸ್ತರ ಮನಿ ಐವತ್ತಾರು,
ದಿವಾಣದ ಬುಡಕಿನ ಆರು ಹಿಡದು.
ಸಾವ್ಕಾರ ಯಂತ್ರಾ ಒತ್ತಿ ಹದಿನಾಕು ಡಬ್ಬಿ ಅಂದ.
ನಾ ಹನ್ನೆರಡು ಅಂದೆ.
ಕೂಡಿಸಿ ಮುಗಿಸಿದ ದಿನ ಬಾಬಾಜಾನ ಮೇಸ್ತ್ರಿ
ಉಳದ ಮೂರು ತುಂಡು ನನ್ನ ಕೈಯಾಗಿಟ್ಟ,
ನನ್ನ ಕೈನೇ ನೋಡಿದ.

'ಮೂರು ದಿನಾ ಯಾರೂ ಕಾಲಿಡಬ್ಯಾಡ್ರಿ.'

ನಾಕನೇ ದಿನಾ ಅರಿವಿ ಹಿಂಡಿದೆ.
ಇಪ್ಪತ್ತೆರಡು ವರ್ಷದ ರೂಢಿ: ಒಳಗಿನ ಮೂಲಿ ಹಿಡದು
ಹಿಂದಕ್ಕ ಸರಕೋಂತ, ಸರಕೋಂತ,
ಕಡೀ ಕೈ ಹೊಸ್ತಿಲಾ.
ಅಲ್ಲಿಂದ ಚಪ್ಪಲ, ಅಲ್ಲಿಂದ ಮುಂದಿನ ಮನಿ.
ನಾ ಒರಸಿದ ನೆಲಾ ಒಣಗಿದ್ದು
ನಾ ಯಾವತ್ತೂ ನೋಡಿಲ್ಲ.

ಹದಿನಾರನೇ ಕೈ ಎಳದು ಎದ್ದೆ, ಕಾಲು ಚಪ್ಪಲ ಹುಡುಕತಿತ್ತು.
ನೋಡಿದ್ರ ನಾ ಹೊರಗ.
ಒಳಗ ನನ್ನ ಮನಿ, ಹಸಿ.
ಎದರಿಗಿನ ನಬಿಸಾಬರ ಹೆಂಡ್ತಿ ಕೇಳಿದಳು:
'ಯಾಕವಾ, ಕೀಲಿ ಕಳೀತೇನ?'

ಮರುದಿನಾ ಹೊಸ್ತಿಲದಿಂದ ಸುರು ಮಾಡಿದೆ.
ಉಲ್ಟಾ. ಕೈ ತೊಡರಿತು, ಎರಡು ಕಡೆ ಬಿಟ್ಟೂ ಹೋತು.
ಕಡೀಕ ಬೆನ್ನಿಗೆ ಟ್ರಂಕು ಬಡೀತು.
ಹತ್ತಿ ಕುಂತೆ, ಕಾಲು ಮ್ಯಾಲ ಎತ್ತಿ.
ಒಂದ ಕಡಿಂದ ಬೂದಿ ಬಣ್ಣ ತೆಳ್ಳಗಾಗಾಕ ಹತ್ತಿತು,
ಕಿಡಕಿ ಕೆಳಗ ಮೊದಲ, ಮೂಲ್ಯಾಗ ತಡಾ.

ಬಾಗಲದಾಗ ಫಕೀರಪ್ಪ, ಕೆಂಪು ಕಾಲು:
'ಒಳಗ ಬರ್‍ಲೇನ?'

'ತಡೀ,
ಇನ್ನಾ ಐದು ಕೈ ಐತಿ ಒಣಗೂದು.'