ಏಳನೆಯ ಮೆಟ್ಟಿಲು

ಡಬ್ಲಿನ್ನಿನ ಉತ್ತರ ದಂಡೆ, ನವೆಂಬರ್.
ನದಿ ಕಡೆಯ ಗಾಳಿಗೆ ಗಾರೆ ಬೇಗ ಆರುವುದಿಲ್ಲ.
ನಾನೂ ಅವಸರದವನಲ್ಲ.

ಮನೆ ಕಟ್ಟಿಸಿದವನು ಯಾರೋ ನಾರುಮಡಿ ವ್ಯಾಪಾರಿ.
ಜಾರ್ಜ್ ಹೋದರೆ ಜಾರ್ಜ್, ಅವನು ಹೋದರೂ ಜಾರ್ಜ್,
ದೊರೆಗಳು ಹೆಸರು ಬದಲಿಸದೆ ಆಳಿದ ಕಾಲ.
ಹೊರಗೆ ಬರೀ ಇಟ್ಟಿಗೆ, ಮಾತಾಡದ ಮುಖ.
ಇದ್ದಬದ್ದ ಬಡಾಯಿಯೆಲ್ಲ ಬಾಗಿಲಿಗೆ:
ಅತ್ತಿತ್ತ ಎರಡು ಕಂಬ,
ನೆತ್ತಿಯಲ್ಲಿ ಬೀಸಣಿಗೆ ಬಿಚ್ಚಿಟ್ಟ ಹಾಗೆ ಅರೆವೃತ್ತದ ಗಾಜು.
ಮೊದಲ ಮಹಡಿಯ ಕಿಟಕಿ ಆಳಿಗಿಂತ ಎತ್ತರ,
ಅದರ ಮೇಲಿನದು ಎದೆಮಟ್ಟ,
ತುದಿಯದು, ಕೆಲಸದವರದು,
ಒಂದು ಮುಖ ಹಿಡಿಸುವಷ್ಟು.
'ಅಳತೆ ಬಲ್ಲವರು ಕಟ್ಟಿದ್ದು'
ಎನ್ನುತ್ತಾರೆ ಆರ್ಕಿಟೆಕ್ಟ್ ಗ್ರೋನ್ಯ ಟ್ವೂಮಿ.
ಹೌದು, ಬಲ್ಲವರೇ.
ಯಾರಿಗೆ ಎಷ್ಟು ಬೆಳಕು ಎಂಬ ಅಳತೆ.

ನನ್ನ ಪಾಲಿಗೆ ಬಂದದ್ದು ಸೂರು.
ಹದಿನೇಳು ಸಲ ಬಳಿದು ಬಳಿದು
ಹೂವೋ ಹಣ್ಣೋ ತಿಳಿಯದಷ್ಟು ಊದಿತ್ತು ಅದರ ಅಂಚು.
ಹಲ್ಲಿನ ವೈದ್ಯರ ಕೊಕ್ಕೆ, ಹಬೆ, ಒದ್ದೆ ಸ್ಪಂಜು.
ದಿನಕ್ಕೊಂದು ಗೇಣು.
ಬಿಳಿ, ಬಿಳಿಯಡಿ ಹಸಿರು,
ಹಸಿರಡಿ ಬಟ್ಟೆಗೆ ಹಾಕುವ ನೀಲಿ,
ನೀಲಿಯಡಿ ಕಲ್ಲಿದ್ದಲ ಹೊಗೆ,
ಹೊಗೆಯಡಿ
ಒಂದು ಹಕ್ಕಿ.
ಒಂದು ರೆಕ್ಕೆಯನ್ನು ಗಾರೆಯಿಂದ ಬಿಡಿಸಿಕೊಂಡು
ಕೋಣೆಯೊಳಕ್ಕೆ ಚಾಚಿತ್ತು.
ಕೊಕ್ಕಿರಲಿಲ್ಲ.

ಸುಣ್ಣ ಅರಳಿಸಿ ಮೂರು ತಿಂಗಳು ನೀರಲ್ಲಿಟ್ಟಿದ್ದೆ,
ಗಟ್ಟಿ ಮೊಸರಾಗಿತ್ತು.
ತಂತಿಯ ಎಲುಬಿಟ್ಟು ಕೊಕ್ಕು ತಿದ್ದಿದೆ, ಏಳು ಸಲ.
ಆರು ಸಲ ಕಾಗೆಯಾಯಿತು.

ಆ ಗುರುವಾರ ಡಿಂಪ್ನಾ ಕಾಸ್ಗ್ರೇವ್ ಬಂದಳು.
ಎಂಬತ್ತನಾಲ್ಕು ವರ್ಷ, ಕೈಯಲ್ಲಿ ಒದ್ದೆ ಕೊಡೆ.
ಹುಟ್ಟಿದ್ದು ಇದೇ ಕೋಣೆಯಲ್ಲಿ.
ಆಗ ಒಂದೊಂದು ಕೋಣೆಗೂ ಒಂದೊಂದು ಸಂಸಾರ,
ಇದರಲ್ಲಿ ಹನ್ನೊಂದು ಜನ,
ಅಲ್ಲಿ ಪರದೆ, ಇಲ್ಲಿ ಒಲೆ.
ಹೆಮ್ಮೆಯಿಂದ ಹಕ್ಕಿ ತೋರಿಸಿದೆ.
ಮರ್ಯಾದೆಗೆ ಕತ್ತೆತ್ತಿದಳು.
'ಇತ್ತೋ ಏನೋ ಮಾರಾಯ, ಯಾರು ಕಂಡಿದ್ದರು?
ಮಲಗಿದರೆ ಕಾಣುತ್ತಿದ್ದದ್ದು ಪಕ್ಕದವಳ ಮೊಣಕೈ.'
ಆಮೇಲೆ ಕೇಳಿದಳು, ಹಿತ್ತಲ ನಲ್ಲಿ ಇದೆಯೇ ಎಂದು.

ಇರಲಿಲ್ಲ. ಅಲ್ಲಿ ಈಗ ಗಾಜಿನ ಲಿಫ್ಟು.

ಸರಿ, ಮೆಟ್ಟಿಲಾದರೂ ಹತ್ತುತ್ತೇನೆ, ಅಂದಳು.
ಕೆಳಗಿಳಿದು ನಿಂತು
ಕೊಡೆಯನ್ನು ನನ್ನ ಕೈಗಿಟ್ಟು
ಬಲಗೈ ಜೋತುಬಿಟ್ಟಳು, ತುಂಬಿದ ಬಕೆಟ್ ಹಿಡಿದಂತೆ.
ಕಣ್ಣು ಮುಚ್ಚಿದಳು.
ಒಂದು, ಎರಡು,
ತುಟಿ ಮಾತ್ರ ಆಡುತ್ತಿತ್ತು.
ಆರು.
ಏಳಕ್ಕೆ ಮೈ ಎಡಕ್ಕೆ ವಾಲಿತು, ತಾನಾಗಿ;
ಕಾಲು ತಡವರಿಸಿತು,
ನೆಲ ಸಿಕ್ಕಿದರೂ
ನೆಲ ಸಿಗದವರ ಹಾಗೆ.
ಹಿಡಿದುಕೊಂಡೆ.
'ಇಲ್ಲೊಂದು ಗುಂಡಿಯಿತ್ತಲ್ಲ,' ಅಂದಳು ಕಣ್ಣು ತೆರೆಯದೆ,
'ವಾಲದಿದ್ದರೆ ಅರ್ಧ ನೀರು ಇಲ್ಲೇ ಚೆಲ್ಲುತ್ತಿತ್ತು,
ಅಮ್ಮ ಮತ್ತೆ ಕಳಿಸುತ್ತಿದ್ದಳು.'

ಬಡಗಿ ರೂರಿ ಗುರುತು ಸಿಗದಂತೆ ಮುಚ್ಚಿದ ಗುಂಡಿ.
ಅಷ್ಟೇ ಹಳೆಯ ಓಕ್ ತುಂಡು, ಅದೇ ಎಳೆ, ಅದೇ ಬಣ್ಣ.
ನಗರಸಭೆಯವರು ಭೂತಗನ್ನಡಿ ಹಿಡಿದರೂ
ಬೆಸುಗೆ ಸಿಕ್ಕಿರಲಿಲ್ಲ.
ಇವಳಿಗೆ ಸಿಕ್ಕಿತು, ಚಪ್ಪಟೆ ರಬ್ಬರ್ ಬೂಟಿನೊಳಗಿಂದ.
ರೂರಿ ರಂಧದ ಹೊಟ್ಟು ಕೊಡವಿಕೊಳ್ಳುತ್ತಾ ನಿಂತ,
ಏನೋ ಹೇಳುವವನಿದ್ದ, ಹೇಳಲಿಲ್ಲ.
ಕೆತ್ತಿ ತೆಗೆದ ಹಳೆಯ ಮರ
ಮಂಗಳವಾರದ ಲಾರಿಯಲ್ಲೇ ಹೋಗಿತ್ತು.
ಅವಳು ಚಹಾ ಬೇಡವೆಂದು ಬಸ್ಸಿಗೆ ಹೋದಳು.

ಸಂಜೆ ಕೊಕ್ಕು ಕೂರಿಸಿದೆ.
ಚೆನ್ನಾಗಿ ಬಂತು. ಹಸಿದ ಹಕ್ಕಿಯ ಹಾಗೇ ಇದೆ.
ಮುಟ್ಟಬೇಡಿ ಎಂದು ಚೀಟಿ ಅಂಟಿಸಿ, ದೀಪ ಆರಿಸಿ,
ಇಳಿಯುತ್ತಾ ಎಣಿಸಿದೆ, ತಪ್ಪಿತು.
ಏಳನೆಯದು ಕೆಳಗಿನಿಂದಲ್ಲವೇ?
ಬಾಗಿಲವರೆಗೆ ಹೋಗಿ ಮತ್ತೆ ಹತ್ತಿದೆ
ಕಣ್ಣು ಮುಚ್ಚಿ, ಸುಣ್ಣದ ಖಾಲಿ ಬಕೆಟ್ ಹಿಡಿದು.
ಐದು, ಆರು, ಏಳು, ಎಂಟು.
ನುಣುಪು. ಸಮ. ಒಳ್ಳೆಯ ಕೆಲಸ.
ನನ್ನ ಕಾಲಿಗೆ ಏನೂ ತಿಳಿಯಲಿಲ್ಲ.