ಸಂತಪೂರದ ಒಂದೇ ವಿಳಾಸ

ರಾತ್ರಿ ಒಂದೂವರಿಗೆ ನಾನು ಹತ್ತು ಸಾವಿರ ಮಂದಿ ಆದೆ.
ಬೀದರಿನ ದವಾಖಾನಿ, ಎರಡನೇ ಮಹಡಿ,
ಔಷಧ ಗೋದಾಮಿನ ಬಾಜೂಕ ಒಂದು ಖೋಲಿ.
ಎಸಿ ಸರ್ವರಿಗಷ್ಟೇ, ನನಗ ಕಿಟಕಿ.
ಸಾಹೇಬರ ಸಹಿ ಇದ್ದ ಕಾಗದ ಪರ್ಸಿನಾಗ ಇಟ್ಕೊಂಡು
ನಮ್ಮದೇ ಬಾಗಲ ನಾನೇ ಬಡದೆ:
ಐನೂರು, ಎರಡು ಸಾವಿರ, ಐದು ಸಾವಿರ,
ರೋಗ ಇಲ್ಲದ ರೋಗಿಗಳು
ಡಯಾಲಿಸಿಸ್ ಪಾಳಿ ಕೇಳಿ
ಉತ್ತರ ಬರೋದ್ರೊಳಗ ಮತ್ತ ಕೇಳಿದರು.
ಆರು ಸಾವಿರದ ನಾನೂರಕ್ಕ ಪುಟ ಬೆಳ್ಳಗಾತು.
ನಕ್ಕೆ. ಈ ಹೊತ್ತಿನಾಗ ಸೋಲೋದೇ ನನ್ನ ನೌಕರಿ.
ಎಲ್ಲಿ ಬಿರುಕು ಅಂತ ಬರಕೊಂಡು
ಫ್ಲಾಸ್ಕಿನ ತಣ್ಣನ ಚಾ ಕುಡದೆ.

ಹೋದ ತಿಂಗಳು ಖರೇನೇ ಬಂದಿದ್ರು.
ಮುಖ ಇಲ್ಲ, ಬೇಡಿಕೆನೂ ಇಲ್ಲ.
ಯಾರದೋ ಮನಿಯ ಕ್ಯಾಮೆರಾ, ಯಾವುದೋ ಅಂಗಡಿಯ ರೌಟರು
ನಿದ್ದಿಗಣ್ಣಾಗ ಎದ್ದು ನಮ್ಮ ಮ್ಯಾಲ ನಡದು ಬಂದಂಗ.
ಮೂರು ತಾಸು.
ಕೆಳಗ ಫರ್ಜಾನಾ ಆಪಾ ಹಳೇ ವಹಿ ಝಾಡಿಸಿ
ಪೆನ್ಸಿಲಿಲೆ ಪಾಳಿ ಹಚ್ಚಿದಳು.
ಆ ವಹಿ ಬೀಳಲಿಲ್ಲ.

ಅದಕ್ಕ ಈ ಸಲ ನಿಯಮ ಕಟ್ಟಿದೆ:
ಒಂದು ವಿಳಾಸದಿಂದ ನಿಮಿಷಕ್ಕ ಇಪ್ಪತ್ತು ಸಲ.
ಇಪ್ಪತ್ತೊಂದನೆಯದು ವೈರಿ.
ಚೊಕ್ಕ ನಿಯಮ. ಮನಿಗೆ ಹೋಗಿ ಮಲಗಿದೆ.

ಒಂಬತ್ತೂವರಿಗೆ ಝರೆಪ್ಪನ ಫೋನು, ಸಂತಪೂರ ಸೇವಾ ಕೇಂದ್ರದಿಂದ:
"ಮೇಡಂ, ನಾವೇನ್ ತಪ್ಪ್ ಮಾಡೀವ್ರಿ?
ಎಂಟ್ ಹಳ್ಳಿ ಮಂದಿ ನನ್ನ ವೈಫೈ ಮ್ಯಾಲ ಕುಂತಾರ.
ನಿಮ್ಮನ್ನ ತಡದೀವಿ ಅಂತ ಕೆಂಪಕ್ಷರ ಬರ್ಲಿಕತ್ತದ."

ಲಾಗ್ ತಗದೆ. ಅದೇ ಅವಸರ,
ಮತ್ತ ಮತ್ತ ಅದೇ ಬಾಗಲ.
ದಾಳಿಗೂ, ಕಿಡ್ನಿ ಸೋತವರ ಗಾಬರಿಗೂ
ಗ್ರಾಫಿನ ಮ್ಯಾಲ ಒಂದೇ ಗೆರಿ.

ಬಂಡೆ ಕಡದು ಕೋಟಿಗೆ ಮೂರು ಕಂದಕ ತೋಡಿದವರು
ಹಾಲಿನಾಕಿ ಯಾವ ಕಡಿಂದ ಬರಬೇಕು ಅಂತ
ಯಾರನ್ನ ಕೇಳಿದ್ರೋ.

ಇಪ್ಪತ್ತು ಅಳಿಸಿದೆ. ಒಬ್ಬೊಬ್ಬರಿಗೂ ಒಂದು ಚೀಟಿ,
ಬಾಗಲ ಹೊರಗ ಕೂಡಲಿಕ್ಕ ಜಾಗ,
ಗುರುತು ಸಿಗದವರಿಗೆ ಬೈಗುಳ ಅಲ್ಲ, ಒಂದು ಪ್ರಶ್ನೆ.
"ಈಗ ಬಂತ್ರಿ," ಅಂದ ಝರೆಪ್ಪ. ಆಮ್ಯಾಲ ಸುಮ್ಮನಾದ.
"ಖರೇ, ಇವತ್ತಿನ ಪಾಳಿ ಹೋತಲ್ರಿ."

ರಾತ್ರಿ ಮತ್ತ ಹತ್ತು ಸಾವಿರ ಆಗ್ತೀನಿ.
ಅದರಾಗ ನಲವತ್ತು ಮಂದಿ ಒಂದೇ ವಿಳಾಸದವರು;
ಒಬ್ಬಾಕಿ ಹುಟ್ಟಿದ ತಾರೀಖು ಮೂರು ಸಲ ತಪ್ಪು ಒತ್ತಾಕಿ,
ಚಷ್ಮಾ ಮನ್ಯಾಗ ಬಿಟ್ಟು ಬಂದಾಕಿ.
ಪುಟ ಬಿದ್ದರ ಬೀಳಲಿ, ಬೆಳಗಾಗೋದ್ರೊಳಗ ಎತ್ತೀನಿ.
ಆಕಿ ಒಳಗ ಬಂದಳಾ,
ಮೊದಲು ಅದನ್ನ ನೋಡ್ತೀನಿ.