ನೀರಿನ ಎತ್ತರ

ಈ ಊರಿಗೆ ಬಂದ ಮೊದಲ ವಾರ
ಯಾವ ಬೀದಿ ಹಿಡಿದರೂ ಕೊನೆಗೆ ಕಡಲು ಸಿಗುತ್ತದೆ
ಅಂದುಕೊಂಡೇ ನಡೆದೆ. ಕಾಲಿಗೆ ಅದೊಂದೇ ರೂಢಿ.
ಸಿಕ್ಕಿದ್ದು ಕೋಟೆಗೋಡೆ, ಬಿರುಕಿನಲ್ಲೊಂದು ಅರಳಿ ಸಸಿ,
ಗೋಡೆಯಾಚೆ ಮತ್ತೆ ನೆಲ,
ನೆಲದಾಚೆ ತೊಗರಿ, ತೊಗರಿಯಾಚೆ
ಸೊಲ್ಲಾಪುರದ ಲಾರಿಗಳು.
ಒಂದು ಕಾಲಕ್ಕೆ ಇದು ರಾಜಧಾನಿ ಎಂದ ಟಾಂಗಾದವನು
ಅದಕ್ಕೇ ಹತ್ತು ರೂಪಾಯಿ ಹೆಚ್ಚು ಕೇಳಿದ.

ದೋಣಿಯಿಂದಿಳಿದು ಅಪ್ಪ ಫೋನು ಮಾಡುತ್ತಾನೆ.
ಬಂಗಡೆಯ ಬೆಲೆ ಹೇಳಿದ ಮೇಲೆ ಕೇಳುವುದು ಒಂದೇ:
"ಅಲ್ಲಿ ಗಾಳಿ ಯಾವ ಬದಿಯಿಂದ?"
ಕಿಟಕಿ ತೆರೆದೆ. ಎದುರು ಮಾಳಿಗೆಯಲ್ಲಿ
ಒಣಹಾಕಿದ ಚಾದರ ಅಲುಗಲಿಲ್ಲ.
"ಗೊತ್ತಿಲ್ಲ" ಅಂದೆ.
ಮಗಳು ನಪಾಸಾದಳು ಅಂತಲೇ
ಅವನಿಗೆ ಕೇಳಿಸಿರಬೇಕು.

ಕೋಣೆ ಜುಲೇಖಾಬಿಯವರ ಮನೆಯ ಮೇಲೆ.
ಜೊತೆಗೆ ತಾಂಡಾದ ಸೋನಾಬಾಯಿ ರಾಠೋಡ,
ನನ್ನದೇ ವರ್ಗ, ಸಿವಿಲ್, ಮೂರನೇ ಸೆಮಿಸ್ಟರು.
ಅವಳ ಮನೆಯವರು ಕಬ್ಬು ಕಡಿಯಲು ಹೋದರೆ ಬಾಗಿಲಿಗೆ ಬೀಗ,
ಹಾಗಾಗಿ ದೀಪಾವಳಿಗೂ ಇಲ್ಲೇ.
ನಲ್ಲಿಗೆ ನೀರು ಆರು ದಿನಕ್ಕೊಮ್ಮೆ, ಅದೂ ನಸುಕಿನ ಮೂರಕ್ಕೆ.
"ಏಳ ಏಳ, ಬಂತ" ಎಂದು ಅವಳು ಹೊದಿಕೆ ಎಳೆಯುವಾಗ
ನನ್ನ ಕನಸಿನಲ್ಲಿ ಬಲೆ ಎಳೆಯುವವರ ಕೂಗು.
ಕೊಡ, ಬಕೆಟ್ಟು, ಪಾತೇಲಿ, ಕಡೆಗೆ ಚಹಾದ ಲೋಟ,
ಬಾಯಿ ಇದ್ದದ್ದೆಲ್ಲ ತುಂಬಬೇಕು.
ನೀರನ್ನು ಎಣಿಸುವುದು
ನಾನಿಲ್ಲಿ ಕಲಿತ ಮೊದಲ ಗಣಿತ.

ಎರಡನೆಯದು ಸರ್ವೇ ಕ್ಲಾಸಿನಲ್ಲಿ.
ಹಂಚಿನಾಳ ಸರ್ ನಮ್ಮ ಬ್ಯಾಚಿಗೆ ಕೊಟ್ಟದ್ದು
ಬಜಾರದ ಹಿಂದಿನ ಒಂದು ಗಂಜ್,
ಸುಲ್ತಾನರ ಕಾಲದ ನೀರಗೋಪುರ.
ಈಗ ಅದರ ಬುಡಕ್ಕೆ ಪಂಕ್ಚರ್ ಅಂಗಡಿ, ನೆತ್ತಿಗೆ ಪಾರಿವಾಳ,
ನಡುವೆ ಹೋದ ಚುನಾವಣೆಯ ಯಾರದೋ ನಗು.
ಊರಾಚೆಯ ಕೆರೆಯಿಂದ ಮಣ್ಣಿನ ಕೊಳವೆಯಲ್ಲಿ
ನೆಲದಡಿ ನಡೆದು ಬಂದ ನೀರು
ಇದರೊಳಗೆ ಏರಿ, ತುಸು ನಿಂತು, ಉಸಿರು ಬಿಟ್ಟು,
ಇಳಿದು ಮುಂದಿನ ಓಣಿಗೆ ಹೋಗುತ್ತಿತ್ತಂತೆ.
ಇಲ್ಲವಾದರೆ ತನ್ನ ರಭಸಕ್ಕೆ ತಾನೇ ಕೊಳವೆ ಒಡೆಯುತ್ತಿತ್ತು.
"ನೀರಿಗೂ ದಮ್ಮ ಹತ್ತತೈತೇನ್ರಿ ಸರ?" ಅಂದಳು ಸೋನಾ.
ಎಲ್ಲರೂ ನಕ್ಕರು. ಸರ್ ನಗದೆ
ಬೋರ್ಡಿನ ಮೇಲೆ "ಹೌದು" ಎಂದು ಬರೆದು
ಅದರ ಕೆಳಗೆ ಸೂತ್ರ ಬರೆದರು.

ಅಳೆದೆವು. ಪಂಕ್ಚರಿನ ಲಾಡ್ಲೇಸಾಬ ಟೇಪಿನ ಆ ತುದಿ ಹಿಡಿದ.
"ನಮ್ಮ ಮುತ್ಯಾನೂ ಇದರಾಗ ನೀರ ಕಂಡಿಲ್ಲ" ಅಂದ,
ಆದರೂ ತುದಿ ಬಿಡಲಿಲ್ಲ.
ನನ್ನ ಲೆಕ್ಕಕ್ಕೂ ಸೋನಾಳ ಲೆಕ್ಕಕ್ಕೂ ಹನ್ನೊಂದು ಸೆಂಟಿಮೀಟರ್ ಅಂತರ.
ಅದು ಯಾರ ತಪ್ಪು ಎಂಬ ಜಗಳ
ಗಿರಮಿಟ್ಟಿನ ಗಾಡಿಯ ತನಕ ಬಂತು,
ಇಂದಿಗೂ ತೀರಿಲ್ಲ.

ಗಣಿತ ಉಳಿದುಕೊಂಡಿತು. ಫಲಿತಾಂಶದ ಸಂಜೆ
ಬಾರಾ ಕಮಾನಿನಲ್ಲಿ ಕೂತೆ, ಆಕಾಶವೇ ಛಾವಣಿ.
ಮುಗಿಸದೇ ಬಿಟ್ಟ ಕೆಲಸದ ಎದುರು
ದೂರದೂರದಿಂದ ಬಂದವರು ಫೋಟೋ ತೆಗೆಸಿಕೊಳ್ಳುತ್ತಿದ್ದರು.
ಮಾರ್ಕ್ಸ್ ಕಾರ್ಡನ್ನು ಮಡಚಿ ಬ್ಲೌಸಿಗೆ ಸೇರಿಸಿದೆ.
ಗುಮ್ಮಟಕ್ಕೆ ಮಾತ್ರ ಇನ್ನೂ ಹೋಗಿಲ್ಲ;
ನನ್ನದೇ ಮಾತನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುವಷ್ಟು
ಅದರ ಮೇಲೆ ನಂಬಿಕೆ ಬಂದಿಲ್ಲ.

ಮೇ ಕೊನೆ. ಸೆಕೆಗೆ ಮಾಳಿಗೆಯ ಮೇಲೆ ಸಾಲಾಗಿ ಮಲಗಿದ್ದೇವೆ,
ಜುಲೇಖಾಬಿ, ಅವರ ಮೊಮ್ಮಗು, ಸೋನಾ, ನಾನು.
ನಾಳೆಯಿಂದ ಕಡಲಿಗಿಳಿಯುವಂತಿಲ್ಲ, ಅಪ್ಪನ ಫೋನು.
ಅವನು ಕೇಳುವ ಮೊದಲೇ
ಲೋಟಕ್ಕೆ ಬೆರಳದ್ದಿ ಮೇಲೆತ್ತಿದೆ.
ಒಂದು ಮಗ್ಗುಲು ತಣ್ಣಗಾಯಿತು.
"ಪಡುವಣ" ಅಂದೆ.
ಆಚೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ, "ಹಂಗಾರೆ ಇಲ್ಲಿಂದಲೇ."
ಇಲ್ಲಿಗೆ ಬರುವಷ್ಟರಲ್ಲಿ ಅದರ ಉಪ್ಪೆಲ್ಲ ಉದುರಿರುತ್ತದೆ ಅಪ್ಪಾ,
ಎಂದು ನಾನು ಹೇಳಲಿಲ್ಲ.
ಸೋನಾ ಮಗ್ಗುಲಾಗಿ ಕಣ್ಣು ಮುಚ್ಚಿಕೊಂಡೇ ಗೊಣಗಿದಳು:
"ಒಂದ ಬಟ್ಟ ನೀರು. ನಿನ್ನ ಲೆಕ್ಕದಾಗ ಬರಕೊ."